ಹಾದಿಹೋಕನ ಕಿವಿಗೆ ಊರಿನ ಹುಯ್ಯಲು

ನಮ್ಮ ಊರಬಾಗಿಲುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ಓದಿ ನೋಡಿದವರಿಗೆ 'ತುರುಗೋಳು', 'ಹುಯ್ಯಲು' ಎಂಬ ಮಾತುಗಳು ಹೊಸವಲ್ಲ. ಹಗೆಗಳು ದನಗಳನ್ನು ಹೊಡೆದುಕೊಂಡು ಹೋಗಲು ಬಂದಾಗ ಊರಿನಲ್ಲಿ ಹುಯ್ಯಲೇಳುತ್ತಿತ್ತು. ಆ ಕೂಗು ಇಂಥವನಿಗೆಂದು ಗುರಿಯಿಟ್ಟು ಹಾಕಿದ್ದಲ್ಲ; ಕಿವಿಯಿದ್ದವರಿಗೆಲ್ಲ ಹಾಕಿದ್ದು. ಕೇಳಿದವನು ಕೈಗೆ ಸಿಕ್ಕ ಆಯುಧ ಹಿಡಿದು ಓಡಬೇಕು. ಓಡಿ ಮಡಿದವನ ಹೆಸರು ಕಲ್ಲಿನಲ್ಲಿ ಉಳಿಯಿತು. ಹುಯ್ಯಲಿಗೆ ಬಾಗಿಲೂ ಇರಲಿಲ್ಲ, ಬೀಗವೂ ಇರಲಿಲ್ಲ.

ಇಪ್ಪತ್ತನೆಯ ಶತಮಾನ ಬಂದಾಗ ಕಾವಲುಗಾರರು ಬೇರೆಯಾದರು, ಕೂಗುವವರೂ ಬೇರೆಯಾದರು. ಕಳ್ಳತನವಾದರೆ ಪೋಲೀಸು, ಬೆಂಕಿ ಬಿದ್ದರೆ ಅಗ್ನಿಶಾಮಕ ದಳ, ಅಪಘಾತವಾದರೆ ಆಂಬುಲೆನ್ಸು. ಕೂಗು ಮಾತ್ರ ಬಾಯಿಂದ ತಂತಿಗೆ, ತಂತಿಯಿಂದ ಗಾಳಿಯಲೆಗೆ ಏರಿತು. ಅಲೆಗೆ ಏರಿದ ಮಾತನ್ನು ಯಾರು ಬೇಕಾದರೂ ಕೇಳಬಹುದು. ಕೇಳುವ ಪೆಟ್ಟಿಗೆಯೊಂದು ಇರಬೇಕು, ಆ ಮಾತು ಅಲೆಗಳ ಪಟ್ಟಿಯಲ್ಲಿ ಎಲ್ಲಿ ಕುಳಿತಿದೆಯೆಂದು ತಿಳಿದಿರಬೇಕು, ಅಷ್ಟೆ. ಅಮೆರಿಕ ದೇಶದಲ್ಲಿ ಸುಮಾರು ನೂರು ವರ್ಷಗಳಿಂದ ಸಾಮಾನ್ಯ ಗೃಹಸ್ಥರು ಹೀಗೆ ತಮ್ಮ ಊರಿನ ಹುಯ್ಯಲನ್ನು ಕೇಳುತ್ತ ಬಂದಿದ್ದಾರೆ. ಸ್ವಂತ ಊರಿನಲ್ಲಿ ಅದು ಸುಲಭ. ಪ್ರಯಾಣ ಹೊರಟವನಿಗೆ? ಐವತ್ತು ಮೈಲಿ ದಾಟಿದರೆ ಊರು ಬೇರೆ, ಪೋಲೀಸರು ಬೇರೆ, ಅವರು ಮಾತಾಡುವ ಅಲೆಯ ಅಂಕಿಯೂ ಬೇರೆ. ಹೆದ್ದಾರಿಯಲ್ಲಿ ಮುಂದೆ ಬೆಂಕಿಯಿದೆಯೋ, ಸೇತುವೆ ಕೊಚ್ಚಿಹೋಗಿದೆಯೋ, ಕಾರುಗಳು ಡಿಕ್ಕಿಯಾಗಿ ರಸ್ತೆ ಕಟ್ಟಿದೆಯೋ ಎಂದು ತಿಳಿಯಬೇಕಾದವನು ಈ ಹಾದಿಹೋಕನೇ. ಅವನಿಗೆ ಆ ಅಂಕಿಗಳು ಹೇಗೆ ದೊರೆತವು, ಈಗ ಅವು ಹೇಗೆ ಕೈತಪ್ಪುತ್ತಿವೆ ಎಂಬುದೊಂದು ಕೇಳತಕ್ಕ ಕಥೆ.

ಪಿಟೀಲು ನುಡಿಸಿದ ಪೋಲೀಸರು

ಪೋಲೀಸು ವಾಹನಕ್ಕೆ ನಿಸ್ತಂತು ಯಂತ್ರ ಹತ್ತಿದ್ದು ಮೊದಲ ಮಹಾಯುದ್ಧದ ಬೆನ್ನಿಗೆ. ಆಸ್ಟ್ರೇಲಿಯದ ವಿಕ್ಟೋರಿಯ ಪೋಲೀಸರು 1923ರಲ್ಲಿಯೇ ಮೆಲ್ಬೋರ್ನ್ ನಗರದ ಗಸ್ತಿನ ಕಾರಿನಲ್ಲಿ ನಿಸ್ತಂತುವನ್ನಿಟ್ಟಿದ್ದರು. ಮಾತಲ್ಲ, ಮೋರ್ಸ್ ಸಂಕೇತದ ಕಟ್ಟುಕಡ. ಕಟ್ಟುಕಡ ಬಲ್ಲವನೊಬ್ಬ ಸದಾ ಕಾರಿನೊಳಗೆ ಕುಳಿತಿರಬೇಕು. ಮಾತನ್ನೇ ಕಳಿಸುವ ಹಂಬಲ ಅಮೆರಿಕದ ಡೆಟ್ರಾಯಿಟ್ ನಗರದ್ದು. ಮೋಟಾರು ಕಾರುಗಳ ತವರೂರು ಅದು. ಕಳ್ಳರೂ ಕಾರಿನಲ್ಲಿಯೇ ಓಡುತ್ತಿದ್ದರು. ಪೋಲೀಸಿನವನು ಬೀದಿಯ ಮೂಲೆಯ ಟೆಲಿಫೋನು ಪೆಟ್ಟಿಗೆಯ ಹತ್ತಿರ ಹೋಗಿ ಸುದ್ದಿ ತಿಳಿಯುವಷ್ಟರಲ್ಲಿ ಕಳ್ಳ ಊರಾಚೆ ಹೋಗಿರುತ್ತಿದ್ದ.

1922ರಲ್ಲಿ ಆ ನಗರದ ಪೋಲೀಸರಿಗೆ ಒಂದು ರೇಡಿಯೋ ನಿಲಯ ಸಿಕ್ಕಿತು. ಅದರ ಕರೆಹೆಸರು 'ಕೆ.ಓ.ಪಿ.' ಆದರೆ ಲೈಸೆನ್ಸು ಮನರಂಜನೆಯ ನಿಲಯದ್ದು! ಆದ್ದರಿಂದ ಕಳುವಾದ ಕಾರಿನ ವಿವರಗಳ ನಡುನಡುವೆ ಸಂಗೀತವನ್ನೂ ಬಿತ್ತರಿಸಬೇಕಾಗಿತ್ತು. ಕಳ್ಳನನ್ನು ಹಿಡಿಯಲು ಪೋಲೀಸರನ್ನು ಕಳಿಸುವ ಮುಂಚೆ ನಾವು ಪಿಟೀಲು ನುಡಿಸಬೇಕೇನು ಎಂದು ಕಮಿಷನರ್ ವಿಲಿಯಂ ರಟ್ಲೆಜ್ ಸಿಡುಕಿದರೆಂದು ಪ್ರತೀತಿ. ತೊಡಕು ಅದೊಂದೇ ಅಲ್ಲ. ಓಡುವ ಕಾರಿನ ಕುಲುಕಾಟಕ್ಕೆ ಯಂತ್ರ ನಿಲ್ಲುತ್ತಿರಲಿಲ್ಲ. ಕೊನೆಗೆ ಕೆನೆತ್ ಕಾಕ್ಸ್ ಎಂಬ ಗಸ್ತಿನ ಪೋಲೀಸಿನವನೂ ರಾಬರ್ಟ್ ಬ್ಯಾಟ್ಸ್ ಎಂಬ ತರುಣ ವಿದ್ಯಾರ್ಥಿಯೂ ಸೇರಿ ಕುಲುಕಾಟಕ್ಕೆ ಜಗ್ಗದ ಗ್ರಾಹಕವೊಂದನ್ನು ಕಟ್ಟಿದರು. 1928ರ ಏಪ್ರಿಲ್ 7ರಂದು ಡೆಟ್ರಾಯಿಟಿನ ಪೋಲೀಸು ಬಾನುಲಿ ಸರಿಯಾಗಿ ನಡೆಯತೊಡಗಿತು.

ಇದು ಒಮ್ಮುಖದ ಮಾತು. ಕಛೇರಿ ಹೇಳುವುದು, ಕಾರು ಕೇಳುವುದು. ಕೇಳಿಸಿತೆ ಇಲ್ಲವೆ ಎಂದು ಮರುನುಡಿಯಲು ಕಾರಿನವನು ಮತ್ತೆ ಟೆಲಿಫೋನನ್ನೇ ಹುಡುಕಬೇಕು. ಕಾರಿನಿಂದಲೂ ಮಾತಾಡುವ ಇಮ್ಮುಖದ ವ್ಯವಸ್ಥೆ 1933ರಲ್ಲಿ ನ್ಯೂಜೆರ್ಸಿಯ ಬೇಯೋನ್ ಎಂಬ ಊರಿನಲ್ಲಿ ಬಂತು.

ಈ ಮೊದಲ ಪೋಲೀಸು ನಿಲಯಗಳು ಕುಳಿತದ್ದು ಸಾಮಾನ್ಯ ರೇಡಿಯೋ ನಿಲಯಗಳ ಪಕ್ಕದಲ್ಲಿಯೇ, ಅವುಗಳಿಗಿಂತ ಸ್ವಲ್ಪ ಮೇಲಿನ ಅಂಕಿಗಳಲ್ಲಿ. ಮುಳ್ಳನ್ನು ಒಂದಿಷ್ಟು ಅತ್ತ ತಿರುಗಿಸಿದರೆ ಮನೆಯ ರೇಡಿಯೋದಲ್ಲಿಯೇ ಕೇಳುತ್ತಿತ್ತು. ರೇಡಿಯೋ ತಯಾರಿಸುವವರಿಗೆ ಇದು ಒಳ್ಳೆಯ ವ್ಯಾಪಾರವಾಯಿತು. 1930ರ ದಶಕದ ಅನೇಕ ಅಮೆರಿಕನ್ ರೇಡಿಯೋಗಳ ಮುಖದ ಮೇಲೆ ಊರುಗಳ ಅಂಕಿಗಳ ಜೊತೆಗೆ 'ಪೋಲೀಸು' ಎಂದೇ ಅಚ್ಚಾಗಿರುತ್ತಿತ್ತು. ಊಟವಾದ ಮೇಲೆ ಮನೆಮಂದಿ ನಾಟಕ ಕೇಳಿ, ಹಾಡು ಕೇಳಿ, ಆಮೇಲೆ ಪೋಲೀಸು ಕರೆಗಳನ್ನು ಕೇಳುವುದು ಒಂದು ಹವ್ಯಾಸವಾಯಿತು. ರಾತ್ರಿಯ ವೇಳೆ ಆ ಅಲೆಗಳು ಆಕಾಶಕ್ಕೆ ತಾಗಿ ಮರಳಿ ಬರುವುದರಿಂದ ನೂರಾರು ಮೈಲಿ ದೂರದ ಪಟ್ಟಣದ ಕಳ್ಳತನವೂ ಕಿವಿಗೆ ಬೀಳುತ್ತಿತ್ತು.

ಕೇಳುವುದನ್ನೇ ಕಸುಬು ಮಾಡಿಕೊಂಡವರೂ ಉಂಟು. ನ್ಯೂಯಾರ್ಕಿನಲ್ಲಿ 'ವೀಜೀ' ಎಂದು ಹೆಸರಾದ ಛಾಯಾಗ್ರಾಹಕ ಆರ್ಥರ್ ಫೆಲ್ಲಿಗ್‌ಗೆ 1938ರಲ್ಲಿ ತನ್ನ ಕಾರಿನಲ್ಲಿ ಪೋಲೀಸು ರೇಡಿಯೋ ಇಟ್ಟುಕೊಳ್ಳಲು ಅನುಮತಿ ದೊರೆಯಿತು. ಕೊಲೆಯಾದ ಜಾಗಕ್ಕೂ ಬೆಂಕಿ ಬಿದ್ದ ಜಾಗಕ್ಕೂ ಆತ ಹೋಗಿ ನಿಲ್ಲುತ್ತಿದ್ದ ವೇಗ ಕಂಡು ಜನ ಬೆರಗಾಗುತ್ತಿದ್ದರು. ಆತನ ಚಿತ್ರಗಳು 1945ರಲ್ಲಿ ಪುಸ್ತಕವಾಗಿ ಬಂದವು. ಆ ಕಾಲದ ನ್ಯೂಯಾರ್ಕ್ ಬೀದಿಗಳ ಬದುಕಿಗೆ ಅವು ಇಂದಿಗೂ ಸಾಕ್ಷಿ. ಹುಯ್ಯಲು ಕೇಳದಿದ್ದರೆ ಆ ಸಾಕ್ಷಿಯೇ ಇರುತ್ತಿರಲಿಲ್ಲ.

'ಹತ್ತು' ಎಂಬ ಪೀಠಿಕೆ

ಅಮೆರಿಕದ ಚಲನಚಿತ್ರ ನೋಡಿದವರು ಪೋಲೀಸಿನವನು 'ಟೆನ್-ಫೋರ್' ಎನ್ನುವುದನ್ನು ಕೇಳಿರಬಹುದು. 'ತಿಳಿಯಿತು' ಎಂದು ಅದರ ಅರ್ಥ. ಈ ಅಂಕಿಗಳ ಭಾಷೆ ಗುಟ್ಟಿಗಾಗಿ ಹುಟ್ಟಿತೆಂದು ಹಲವರ ಊಹೆ. ಹಾಗಲ್ಲ. 1930ರ ದಶಕದ ಕೊನೆಯಲ್ಲಿ ಇಲಿನಾಯ್ ಸಂಸ್ಥಾನದ ಪೋಲೀಸು ಬಾನುಲಿಯ ಚಾರ್ಲ್ಸ್ ಹಾಪರ್ ಎಂಬವರು ಇದನ್ನು ರೂಢಿಗೆ ತಂದರು. ಆಗಿನ ಪ್ರೇಷಕ ಯಂತ್ರಕ್ಕೆ ಗುಂಡಿ ಒತ್ತಿದ ಕೂಡಲೇ ಶಕ್ತಿ ಬರುತ್ತಿರಲಿಲ್ಲ. ಒಳಗಿನ ಮೋಟಾರು ಸುತ್ತಿ ಹದಕ್ಕೆ ಬರಲು ಒಂದು ಕ್ಷಣ ಬೇಕು. ಅಷ್ಟರಲ್ಲಿ ಮೊದಲ ಅಕ್ಷರ ಗಾಳಿಗೆ ಹೋಗುತ್ತಿತ್ತು. ಆದ್ದರಿಂದ ಹೋದರೂ ನಷ್ಟವಿಲ್ಲದ 'ಹತ್ತು' ಎಂಬ ಮಾತನ್ನು ಮೊದಲು ಹೇಳಿ, ಬೇಕಾದ ಅಂಕಿಯನ್ನು ಆಮೇಲೆ ಹೇಳುವುದು ಪದ್ಧತಿಯಾಯಿತು. ನಾವು ಬಾವಿಯ ಪಂಪಿಗೆ ಮೊದಲು ಒಂದು ತಂಬಿಗೆ ನೀರು ಹೊಯ್ದು ಆಮೇಲೆ ನೀರೆತ್ತುವುದಿಲ್ಲವೆ, ಹಾಗೆ.

ಪಯಣಿಗನಿಗೆ ಇದರಿಂದ ಇನ್ನೊಂದು ತೊಂದರೆ ಬಂತು. ಊರೂರಿಗೆ ಅಂಕಿಗಳ ಅರ್ಥ ಬೇರೆಬೇರೆ. ಒಂದು ಊರಿನಲ್ಲಿ ಊಟಕ್ಕೆ ಹೋದದ್ದನ್ನು ಹೇಳುವ ಅಂಕಿ ಇನ್ನೊಂದು ಊರಿನಲ್ಲಿ ಅಪಘಾತವನ್ನು ಹೇಳಬಹುದು. ಅಲೆಯ ಅಂಕಿ ಸಿಕ್ಕಿದರೂ ಮಾತಿನ ಅಂಕಿ ಬಿಡಿಸಿಕೊಳ್ಳಬೇಕು. ಪೋಲೀಸರೇ ಪರಸ್ಪರ ಸಹಾಯಕ್ಕೆ ಹೋದಾಗ ಈ ಗೊಂದಲಕ್ಕೆ ಸಿಕ್ಕಿಕೊಂಡದ್ದುಂಟು. 2006ರ ಹೊತ್ತಿಗೆ ಕೇಂದ್ರ ಸರ್ಕಾರವು, ಹಲವು ದಳಗಳು ಕೂಡಿ ದುಡಿಯುವ ಸಂದರ್ಭಗಳಲ್ಲಿ ಸರಳವಾದ ಮಾತನ್ನೇ ಆಡಬೇಕು, ಇಲ್ಲದಿದ್ದರೆ ಅನುದಾನವಿಲ್ಲ ಎಂದು ನಿಯಮ ಮಾಡಿತು.

ಹರಳು ಹೊತ್ತು ಹೊರಟ ಕಾಲ

1940ರಲ್ಲಿ ಕನೆಕ್ಟಿಕಟ್ ಸಂಸ್ಥಾನದ ಪೋಲೀಸರು ಡೇನಿಯಲ್ ನೋಬಲ್ ಎಂಬ ಎಂಜಿನಿಯರರ ನೆರವಿನಿಂದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಕಂಡುಹಿಡಿದ ಎಫ್. ಎಂ. ವಿಧಾನವನ್ನು ತಮ್ಮ ರೇಡಿಯೋಗೆ ಅಳವಡಿಸಿಕೊಂಡರು. ಕರಕರ ಸದ್ದಿಲ್ಲದ ಸ್ಪಷ್ಟ ಮಾತು. ಯುದ್ಧ ಮುಗಿದ ಮೇಲೆ ದೇಶದ ಪೋಲೀಸು ದಳಗಳು ಒಂದೊಂದಾಗಿ ಇದೇ ದಾರಿ ಹಿಡಿದು 30ರಿಂದ 50 ಮೆಗಾಹರ್ಟ್ಸ್, ಆಮೇಲೆ 150ರ ಮೇಲಿನ ಮೆಗಾಹರ್ಟ್ಸ್ ಅಂಕಿಗಳಿಗೆ ಏರಿದವು. ಮನೆಯ ಹಳೆಯ ರೇಡಿಯೋಗೆ ಅಷ್ಟು ಮೇಲಿನ ಅಲೆ ಎಟುಕದು. ಗೃಹಸ್ಥನ ಕಿವಿ ಮೊದಲ ಸಲ ಕಿವುಡಾಯಿತು.

ಮತ್ತೆ ಕಿವಿ ತೆರೆಸಿದ್ದು ವಿಶೇಷ ಗ್ರಾಹಕಗಳು. ಅವುಗಳ ಜೀವ ಸ್ಫಟಿಕದ ಹರಳಿನಲ್ಲಿತ್ತು. ಉಗುರಿನಷ್ಟಗಲದ ಲೋಹದ ಕವಚದೊಳಗೆ ಒಂದು ಕ್ವಾರ್ಟ್ಸ್ ಚೂರು. ಅದು ಎಷ್ಟು ವೇಗದಲ್ಲಿ ಕಂಪಿಸುವಂತೆ ಕೊಯ್ದಿದೆಯೋ ಆ ಒಂದೇ ಅಂಕಿಯನ್ನು ಪೆಟ್ಟಿಗೆ ಕೇಳುತ್ತದೆ. ಎಂಟು ಸ್ಥಾನ ಬೇಕಾದರೆ ಎಂಟು ಹರಳು. 1960ರ ದಶಕದ ಕೊನೆಗೆ ಬಂದ 'ಸ್ಕ್ಯಾನರ್' ಈ ಹರಳುಗಳನ್ನು ಒಂದಾದ ಮೇಲೊಂದು ತಟ್ಟಿ ನೋಡುತ್ತ, ಮಾತು ಕೇಳಿಸಿದ ಕಡೆ ನಿಂತು, ಮಾತು ಮುಗಿದರೆ ಮುಂದೆ ಹೋಗುತ್ತಿತ್ತು. ಇರುಳಿನ ಗಸ್ತಿನವನು ಅಂಗಡಿ ಅಂಗಡಿಯ ಬೀಗ ಎಳೆದು ನೋಡಿಕೊಂಡು ಹೋಗುವ ಹಾಗೆ.

ಈಗ ಊಹಿಸಿ. ಷಿಕಾಗೋದಲ್ಲಿರುವವನೊಬ್ಬ ಸಂಸಾರಸಮೇತ ಕಾರಿನಲ್ಲಿ ಪಶ್ಚಿಮಕ್ಕೆ ಹೊರಟರೆ, ದಾರಿಯಲ್ಲಿ ಸಿಗುವ ಊರುಗಳ ಅಂಕಿಗಳನ್ನು ಮೊದಲೇ ತಿಳಿದು, ಅಷ್ಟೂ ಹರಳುಗಳನ್ನು ಕೊಂಡು, ಊರು ದಾಟಿದ ಹಾಗೆಲ್ಲ ಪೆಟ್ಟಿಗೆಯ ಮುಚ್ಚಳ ತೆಗೆದು ಬದಲಿಸಬೇಕು. ಹರಳು ಅಂಗಡಿಯಲ್ಲಿ ಸಿಕ್ಕೀತು; ಅಂಕಿ ಯಾರನ್ನು ಕೇಳುವುದು? ಪರಊರಿನ ಪೋಲೀಸು ಠಾಣೆಗೆ ಹೋಗಿ, 'ಸ್ವಾಮಿ, ನಿಮ್ಮ ಗುಟ್ಟಿನ ಮಾತು ಎಲ್ಲಿ ಆಡುತ್ತೀರಿ?' ಎಂದು ಕೇಳಿದರೆ ಏನಾದೀತೆಂದು ವಾಚಕರೇ ಯೋಚಿಸಲಿ.

ಆದರೆ ಅಂಕಿಗಳು ಗುಟ್ಟಲ್ಲ. ಅಮೆರಿಕದಲ್ಲಿ ಅಲೆಗಳನ್ನು ಹಂಚಿಕೊಡುವ ಕೇಂದ್ರ ಸಂಪರ್ಕ ಆಯೋಗ ತಾನು ಕೊಟ್ಟ ಲೈಸೆನ್ಸುಗಳ ದಾಖಲೆಯನ್ನು ಸಾರ್ವಜನಿಕವಾಗಿ ಇಟ್ಟಿದೆ. ಯಾವ ಊರಿನ ಯಾವ ದಳಕ್ಕೆ ಯಾವ ಅಂಕಿ ಎಂಬುದು ಅದರಲ್ಲಿ ಇರುತ್ತದೆ. ದಾಖಲೆ ಇದ್ದರಾಯಿತೆ? ಕಡತಗಳ ರಾಶಿಯೊಳಗಿಂದ ಅದನ್ನು ಹೊರತೆಗೆದು ಅಚ್ಚು ಹಾಕುವವರು ಬೇಕಷ್ಟೆ. ಆ ಕೆಲಸವನ್ನು 1964ರಲ್ಲಿ ಕೈಗೆತ್ತಿಕೊಂಡವರು ಕ್ಯಾಲಿಫೋರ್ನಿಯದ ಜೀನ್ ಹ್ಯೂಸ್. 'ಪೋಲೀಸ್ ಕಾಲ್' ಎಂಬ ಅವರ ಕೈಪಿಡಿ ಬೆಳೆದು, ದೇಶವನ್ನು ಪ್ರಾಂತಗಳಾಗಿ ವಿಂಗಡಿಸಿ ಪ್ರತಿವರ್ಷ ಹೊರಬರತೊಡಗಿತು. ರೇಡಿಯೋ ಷ್ಯಾಕ್ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಈ ಪುಸ್ತಕ ಪಯಣಿಗನ ಪಂಚಾಂಗವೇ ಆಯಿತು. ರಸ್ತೆಯ ನಕ್ಷೆ ಒಂದು ಕೈಯಲ್ಲಿ, ಹ್ಯೂಸರ ಪುಸ್ತಕ ಇನ್ನೊಂದು ಕೈಯಲ್ಲಿ. 2005ರ ಆವೃತ್ತಿಯೇ ಅದರ ಕೊನೆಯದು. ಆ ಹೊತ್ತಿಗೆ ಪಟ್ಟಿಗಳೆಲ್ಲ ಅಂತರಜಾಲಕ್ಕೆ ಹೋಗಿದ್ದವು.

1970ರ ದಶಕದ ನಡುವಿನಲ್ಲಿ ಹರಳಿನ ಕಾಟವೂ ತಪ್ಪಿತು. 'ಬೇರ್‌ಕ್ಯಾಟ್' ಮೊದಲಾದ ಹೆಸರಿನ ಪೆಟ್ಟಿಗೆಗಳಲ್ಲಿ ಒಳಗಿನ ಯಂತ್ರವೇ ಬೇಕಾದ ಅಂಕಿಯನ್ನು ಹುಟ್ಟಿಸಿಕೊಳ್ಳುತ್ತಿತ್ತು. ಅಂಕಿ ತಿಳಿದಿದ್ದರೆ ಸಾಕು, ಗುಂಡಿ ಒತ್ತಿ ಕೂಡಿಸಬಹುದು.

ಪಯಣಿಗನ ಲೆಕ್ಕಾಚಾರ

ಬಲ್ಲವರು ಪ್ರಯಾಣದ ಲೆಕ್ಕವನ್ನು ದೊಡ್ಡದರಿಂದ ಚಿಕ್ಕದಕ್ಕೆ ಇಳಿಸುತ್ತಾರೆ. ಮೊದಲು ಸಂಸ್ಥಾನದ ಹೆದ್ದಾರಿ ಪೋಲೀಸು. ಏಕೆಂದರೆ ಅವರ ವ್ಯಾಪ್ತಿ ಗಡಿಯಿಂದ ಗಡಿಯವರೆಗೆ. ಕ್ಯಾಲಿಫೋರ್ನಿಯದ ಹೆದ್ದಾರಿ ಗಸ್ತಿನವರು ಬಹುಕಾಲದಿಂದ 39ರಿಂದ 46 ಮೆಗಾಹರ್ಟ್ಸ್ ನಡುವೆ ಮಾತಾಡಿದವರು. ಈ ಕೆಳಗಿನ ಅಲೆಗಳು ಗುಡ್ಡ ಕಣಿವೆಗಳನ್ನು ಬಳಸಿ ದೂರ ಹೋಗುತ್ತವೆ. ಆಮೇಲೆ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದು. ಅದರ ಷೆರೀಫನ ದಳ, ಅಗ್ನಿಶಾಮಕರು. ಕೊನೆಗೆ ತಂಗುವ ಊರಿನ ಪೋಲೀಸು.

ದೇಶದ ಉದ್ದಕ್ಕೂ ಬದಲಾಗದ ಕೆಲವು ಅಂಕಿಗಳೂ ಉಂಟು. ಹವಾಮಾನದ ಸುದ್ದಿಗೆ 162.400ರಿಂದ 162.550 ಮೆಗಾಹರ್ಟ್ಸ್‌ವರೆಗಿನ ಏಳು ಸ್ಥಾನಗಳು. ಸಮುದ್ರದಲ್ಲಿ ಆಪತ್ತಿನ ಕರೆಗೆ 156.800, ವಿಮಾನಗಳಿಗೆ 121.5. ಬೇರೆಬೇರೆ ಊರುಗಳ ಪೋಲೀಸರು ಒಂದೆಡೆ ಕೂಡಿದಾಗ 155.475, ಅಗ್ನಿಶಾಮಕರು ಕೂಡಿದಾಗ 154.280, ಆಂಬುಲೆನ್ಸಿನವರು ಆಸ್ಪತ್ರೆಯೊಡನೆ ಮಾತಾಡಲು 155.340. ಇವು ದಿನವಿಡೀ ಹರಟುವ ಸ್ಥಾನಗಳಲ್ಲ. ವಾರಗಟ್ಟಲೆ ಮೌನ. ಆದರೆ ಮಾತು ಕೇಳಿತೆಂದರೆ ಏನೋ ದೊಡ್ಡದು ನಡೆದಿದೆಯೆಂದು ತಿಳಿಯಬೇಕು.

ಹಾದಿಹೋಕನು ಕಾನೂನನ್ನೂ ತಿಳಿದಿರಬೇಕು. ಮನೆಯಲ್ಲಿಟ್ಟು ಕೇಳಿದರೆ ತಪ್ಪಿಲ್ಲದ ಪೆಟ್ಟಿಗೆಯನ್ನು ಕಾರಿನಲ್ಲಿಟ್ಟರೆ ಕೆಲವು ಸಂಸ್ಥಾನಗಳಲ್ಲಿ ಅಪರಾಧ. ನ್ಯೂಯಾರ್ಕ್, ಫ್ಲಾರಿಡ, ಕೆಂಟಕಿ, ಮಿನೆಸೋಟ ಮೊದಲಾದ ಕಡೆ ಇಂಥ ಕಟ್ಟಳೆಗಳಿವೆ. ಪೋಲೀಸರ ಮಾತು ಕೇಳುತ್ತ ಕಳ್ಳ ತಪ್ಪಿಸಿಕೊಂಡಾನು ಎಂಬ ಹಳೆಯ ಅಂಜಿಕೆ ಅದಕ್ಕೆ ಮೂಲ. ಲೈಸೆನ್ಸುಳ್ಳ ಹವ್ಯಾಸಿ ರೇಡಿಯೋದವರನ್ನು ಇದಕ್ಕೆ ಗುರಿಮಾಡಬಾರದೆಂದು ಕೇಂದ್ರ ಆಯೋಗ 1993ರಲ್ಲಿ ತೀರ್ಪಿತ್ತಿತು. ಒಂದು ಗಡಿ ದಾಟುವಷ್ಟರಲ್ಲಿ ನಿರಪರಾಧಿ ಅಪರಾಧಿಯಾಗುವ ಈ ವಿಚಿತ್ರ ಇನ್ನೂ ಉಳಿದಿದೆ.

ಕೇಳುವುದಕ್ಕೂ ಆಡುವುದಕ್ಕೂ ನಡುವಿನ ಗೆರೆ

ಕೇಳಬಹುದೆ ಎಂಬ ಪ್ರಶ್ನೆಗೆ ಅಮೆರಿಕದವರು ಕೊಟ್ಟ ಉತ್ತರ ಕುತೂಹಲಕರ. 1934ರ ಸಂಪರ್ಕ ಕಾಯಿದೆ, ತನಗಲ್ಲದ ರೇಡಿಯೋ ಮಾತನ್ನು ಕೇಳಿದವನು ಅದನ್ನು ಬೇರೆಯವರಿಗೆ ಬಯಲು ಮಾಡಬಾರದು, ತನ್ನ ಲಾಭಕ್ಕೆ ಬಳಸಬಾರದು ಎಂದು ಕಟ್ಟು ಮಾಡಿತು. ಕಿವಿಗೆ ಬಿದ್ದದ್ದು ಕಿವಿಯಲ್ಲೇ ಉಳಿಯಬೇಕು ಎಂಬುದು ಅದರ ನೀತಿ. 1986ರ ಇನ್ನೊಂದು ಕಾಯಿದೆ ಖಾಸಗಿ ಮಾತುಕತೆಗಳಿಗೆ ಬೇಲಿ ಹಾಕಿ, ಪೋಲೀಸು ಅಗ್ನಿಶಾಮಕ ದಳಗಳ ತೆರೆದ ಮಾತನ್ನು ಕೇಳುವುದು ತಪ್ಪಲ್ಲವೆಂದು ಬರೆದಿಟ್ಟಿತು. ಇಂಗ್ಲೆಂಡಿನವರ ದಾರಿ ಬೇರೆ. ಅಲ್ಲಿ 1949ರ ನಿಸ್ತಂತು ಕಾಯಿದೆಯ ಪ್ರಕಾರ ತನಗಲ್ಲದ ಮಾತನ್ನು ಬೇಕೆಂದು ಕೇಳುವುದೇ ತಪ್ಪು. ಆದರೂ ಕೇಳುವವರು ಕೇಳುತ್ತಲೇ ಇದ್ದರು. ಈ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿನ ಪೋಲೀಸರು ಗೂಢಲಿಪಿಯ ಡಿಜಿಟಲ್ ಜಾಲಕ್ಕೆ ಹೋದ ಮೇಲೆ ಪೆಟ್ಟಿಗೆಗಳು ಸುಮ್ಮನಾದವು.

ಅಮೆರಿಕದ ಉದಾರತೆಗೂ ಪೆಟ್ಟು ಬೀಳದೆ ಇರಲಿಲ್ಲ. ಮೊದಲ ತಲೆಮಾರಿನ ಸೆಲ್ ಫೋನುಗಳ ಮಾತು ಸ್ಕ್ಯಾನರಿಗೆ ಸಿಗುತ್ತಿತ್ತು. 1992ರಲ್ಲಿ ಬಂದ ಕಾಯಿದೆಯಿಂದ, ಆ ಅಲೆಗಳನ್ನು ಕೇಳುವ ಸ್ಕ್ಯಾನರುಗಳನ್ನು ತಯಾರಿಸುವುದೂ ಮಾರುವುದೂ 1994ರಿಂದ ನಿಂತಿತು. ಹಳೆಯ ಪೆಟ್ಟಿಗೆಗಳು ಉಳಿದೇ ಇದ್ದವು. 1996ರ ಡಿಸೆಂಬರಿನಲ್ಲಿ ಪ್ರತಿನಿಧಿ ಸಭೆಯ ಅಧ್ಯಕ್ಷ ನ್ಯೂಟ್ ಗಿಂಗ್ರಿಚ್ ತಮ್ಮ ಪಕ್ಷದವರೊಡನೆ ಆಡುತ್ತಿದ್ದ ಟೆಲಿಫೋನು ಮಾತು ಫ್ಲಾರಿಡದಲ್ಲಿ ಕಾರಿನಲ್ಲಿ ಹೋಗುತ್ತಿದ್ದ ದಂಪತಿಗಳ ಸ್ಕ್ಯಾನರಿಗೆ ಬಿತ್ತು. ಅವರು ಅದನ್ನು ಮುದ್ರಿಸಿಕೊಂಡು ಎದುರುಪಕ್ಷದವರ ಕೈಗೆ ಕೊಟ್ಟರು. ಅದು ಪತ್ರಿಕೆಗಳಿಗೆ ಹೋಯಿತು. ದಂಪತಿಗಳು ತಪ್ಪೊಪ್ಪಿ ದಂಡ ತೆತ್ತರು. ಹುಯ್ಯಲು ಕೇಳುವುದು ಬೇರೆ, ಗೋಡೆಗೆ ಕಿವಿ ಹಚ್ಚುವುದು ಬೇರೆ ಎಂಬ ವಿವೇಕ ತಪ್ಪಿದರೆ ಒಳ್ಳೆಯ ಹಕ್ಕೂ ಕೆಟ್ಟ ಹೆಸರು ಪಡೆಯುತ್ತದೆ.

ಕೂಗು ಕೇಳದೆ ಹೋದ ದಿನ

ಇಷ್ಟರಲ್ಲಿ ಯಂತ್ರವೂ ಜಟಿಲವಾಗಿತ್ತು. ದೊಡ್ಡ ಊರುಗಳಲ್ಲಿ ದಳಗಳು ಹೆಚ್ಚಿ ಅಲೆಗಳು ಸಾಲದೆ ಬಂದಾಗ 'ಟ್ರಂಕಿಂಗ್' ಎಂಬ ಏರ್ಪಾಡು ಹುಟ್ಟಿತು. ಅಂಚೆ ಕಛೇರಿಯಲ್ಲಿ ಹತ್ತು ಕಿಟಕಿಗಳಿಗೆ ಹತ್ತು ಸಾಲು ನಿಲ್ಲಿಸುವ ಬದಲು ಒಂದೇ ಸಾಲು ನಿಲ್ಲಿಸಿ, ಯಾವ ಕಿಟಕಿ ಖಾಲಿಯಾಯಿತೋ ಅಲ್ಲಿಗೆ ಕಳಿಸುವ ಹಾಗೆ. ಒಂದು ಮಾತು ಈ ಅಲೆಯಲ್ಲಿ, ಅದಕ್ಕೆ ಮರುಮಾತು ಇನ್ನೊಂದು ಅಲೆಯಲ್ಲಿ. ಸಾಮಾನ್ಯ ಸ್ಕ್ಯಾನರಿಗೆ ಇದು ಹರಿದ ಕಾಗದದ ಚೂರುಗಳಂತೆ ಕೇಳಿಸುತ್ತಿತ್ತು. 1997ರಲ್ಲಿ ಈ ಚೂರುಗಳನ್ನು ಬೆನ್ನಟ್ಟಿ ಜೋಡಿಸುವ ಸ್ಕ್ಯಾನರ್ ಬಂತು. 2010ರಲ್ಲಿ, ಊರಿನ ಪಿನ್‌ಕೋಡು ಒತ್ತಿದರೆ ಸಾಕು, ಸುತ್ತಣ ದಳಗಳ ಅಂಕಿಗಳನ್ನು ತಾನೇ ಹುಡುಕಿಕೊಳ್ಳುವ ಪೆಟ್ಟಿಗೆಯೂ ಬಂತು. ಹರಳು ಹೊತ್ತು ಅಲೆದ ಹಾದಿಹೋಕನ ಅರ್ಧ ಶತಮಾನದ ಬವಣೆ ಅಲ್ಲಿಗೆ ತೀರಿತೆನ್ನಬಹುದು. ಆದರೆ ದಾರಿ ಸಿಕ್ಕುವ ಹೊತ್ತಿಗೇ ಬಾಗಿಲು ಮುಚ್ಚತೊಡಗಿತ್ತು. ಅದಕ್ಕೆ ಕಾರಣ ತಿಳಿಯಬೇಕಾದರೆ ಒಂದು ದುರಂತವನ್ನು ನೆನೆಯಬೇಕು.

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಜೋಡಿ ಗೋಪುರಗಳಲ್ಲಿ 343 ಮಂದಿ ಅಗ್ನಿಶಾಮಕರು ಪ್ರಾಣ ಕೊಟ್ಟರು. ದಕ್ಷಿಣ ಗೋಪುರ ಕುಸಿದ ಮೇಲೆ ಉತ್ತರ ಗೋಪುರದೊಳಗಿದ್ದವರಿಗೆ ಹೊರಬನ್ನಿರೆಂದು ರೇಡಿಯೋದಲ್ಲಿ ಆಜ್ಞೆ ಹೋಯಿತು. ಅನೇಕರಿಗೆ ಅದು ಕೇಳಿಸಲಿಲ್ಲ. ಮೇಲೆ ಹಾರುತ್ತಿದ್ದ ಪೋಲೀಸು ಹೆಲಿಕಾಪ್ಟರಿನವರು ಕಂಡದ್ದು ಪೋಲೀಸರ ಅಲೆಯಲ್ಲಿ ಹೋಯಿತು, ಅಗ್ನಿಶಾಮಕರ ಅಲೆಯಲ್ಲಿ ಬರಲಿಲ್ಲ. ಈ ಸಂಗತಿಗಳನ್ನು 2004ರ ತನಿಖಾ ಆಯೋಗದ ವರದಿ ವಿವರಿಸಿದೆ. ಒಂದೇ ಕಟ್ಟಡದ ಮೇಲೆ ಕಣ್ಣಿಟ್ಟ ಎರಡು ದಳಗಳು ಪರಸ್ಪರ ಕಿವುಡಾಗಿದ್ದವು.

ಇದರ ಪರಿಣಾಮವಾಗಿ ದಳಗಳೆಲ್ಲ ಒಂದೇ ಜಾಲದಲ್ಲಿ ಕೂಡಬೇಕೆಂಬ ಒತ್ತಾಯ ಬಲವಾಯಿತು. ಪೋಲೀಸು ಬಾನುಲಿಯವರ ಸಂಘದ ಮುಂದಾಳುತನದಲ್ಲಿ 1989ರಲ್ಲಿ ಆರಂಭವಾಗಿದ್ದ 'ಪ್ರಾಜೆಕ್ಟ್ 25' ಎಂಬ ಡಿಜಿಟಲ್ ಮಾನಕ ಎಲ್ಲೆಡೆ ಹರಡಿತು. ಮಾತು ಅಂಕಿಗಳಾಗಿ ಹೋಗುವ ಜಾಲದಲ್ಲಿ ಅದಕ್ಕೆ ಬೀಗ ಹಾಕುವುದು ಬಲು ಸುಲಭ. ಪೋಲೀಸರು ಪರಸ್ಪರ ಕೇಳಲೆಂದು ಮಾಡಿದ ಸುಧಾರಣೆಯೇ ಜನರ ಕಿವಿ ಮುಚ್ಚುವ ಸಾಧನವನ್ನೂ ತಂದಿತು.

ಬೀಗ ಹಾಕಲು ನೆಪವೂ ಸಿಕ್ಕಿತು. 2013ರ ಏಪ್ರಿಲಿನಲ್ಲಿ ಬಾಸ್ಟನ್ ಮ್ಯಾರಥಾನಿನಲ್ಲಿ ಬಾಂಬು ಸಿಡಿದ ನಂತರ, ಆರೋಪಿಗಳನ್ನು ಬೆನ್ನಟ್ಟುತ್ತಿದ್ದ ಪೋಲೀಸರ ಮಾತನ್ನು ಅಂತರಜಾಲದ ಮೂಲಕ ಲೋಕವೇ ಕೇಳಿತು. ಅರೆಬರೆ ಕೇಳಿದವರು ನಿರಪರಾಧಿಗಳ ಹೆಸರುಗಳನ್ನು ಹಬ್ಬಿಸಿದರು. ತಮ್ಮವರು ಎಲ್ಲಿ ನಿಂತಿದ್ದಾರೆಂದು ಬಯಲು ಮಾಡಬೇಡಿರೆಂದು ಪೋಲೀಸರು ಕೇಳಿಕೊಳ್ಳಬೇಕಾಯಿತು. ಇಂಥ ಉದಾಹರಣೆಗಳನ್ನು ಮುಂದಿಟ್ಟುಕೊಂಡು ಊರುಗಳು ಒಂದೊಂದಾಗಿ ಬೀಗ ಹಾಕತೊಡಗಿದವು: 2019ರಲ್ಲಿ ಡೆನ್ವರ್, 2022ರಲ್ಲಿ ಷಿಕಾಗೋ, ಅರ್ಧ ಗಂಟೆ ತಡವಾಗಿ ಕೇಳಿಸುವ ಏರ್ಪಾಡಿನೊಡನೆ, 2023ರಲ್ಲಿ ನ್ಯೂಯಾರ್ಕ್ ನಗರವೂ ಆರಂಭಿಸಿತು. ಕ್ಯಾಲಿಫೋರ್ನಿಯದ ನ್ಯಾಯಾಂಗ ಇಲಾಖೆ 2020ರಲ್ಲಿ, ವ್ಯಕ್ತಿಗಳ ಲೈಸೆನ್ಸು, ಹುಟ್ಟಿದ ದಿನ, ಹಳೆಯ ಅಪರಾಧ ಮೊದಲಾದ ವಿವರಗಳು ತೆರೆದ ಅಲೆಯಲ್ಲಿ ಹೋಗಬಾರದೆಂದು ಸೂಚಿಸಿತು. ಎರಡು ದಾರಿಗಳಿದ್ದವು: ಆ ವಿವರಗಳನ್ನಷ್ಟೇ ಬೇರೆ ದಾರಿಯಲ್ಲಿ ಕಳಿಸುವುದು, ಇಲ್ಲವೆ ಎಲ್ಲ ಮಾತಿಗೂ ಬೀಗ. ಹಲವು ಊರುಗಳು ಎರಡನೆಯದನ್ನೇ ಹಿಡಿದವು. ಪಾಲೋ ಆಲ್ಟೋ ಎಂಬ ಪಟ್ಟಣ 2021ರಲ್ಲಿ ಹಾಕಿದ ಬೀಗವನ್ನು ಮರುವರ್ಷವೇ ತೆಗೆದು, ವಿವರಗಳನ್ನು ಮಾತ್ರ ಬೇರೆಯಾಗಿ ಕಳಿಸುವ ದಾರಿಗೆ ಮರಳಿತು. ಮಾಡುವ ಮನಸ್ಸಿದ್ದರೆ ದಾರಿಯುಂಟು ಎಂಬುದಕ್ಕೆ ಇಷ್ಟು ಸಾಕು.

ನಮ್ಮವರು ತಿಳಿಯಬೇಕಾದದ್ದು

ಮಗನ ಮನೆಗೋ ಮಗಳ ಬಾಣಂತನಕ್ಕೋ ಅಮೆರಿಕಕ್ಕೆ ಹೋಗುವ ಕನ್ನಡಿಗರು ಈಗ ಬಹಳ. ಅಲ್ಲಿ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಈ ಪೆಟ್ಟಿಗೆಯನ್ನು ಕಂಡು ಊರಿಗೆ ತರುವ ಆಸೆಯಾದರೆ ಒಂದು ಮಾತು ನೆನಪಿರಲಿ. ನಮ್ಮಲ್ಲಿ ನಿಸ್ತಂತುವನ್ನು ಕುರಿತ ಕಾನೂನು ಬ್ರಿಟಿಷರು ಹಾಕಿಕೊಟ್ಟ ಜಾಡಿನಲ್ಲಿ ಬೆಳೆದದ್ದು. 1933ರ ಭಾರತೀಯ ನಿಸ್ತಂತು ಕಾಯಿದೆ, ಕೇಳುವುದು ಹಾಗಿರಲಿ, ಲೈಸೆನ್ಸಿಲ್ಲದೆ ಯಂತ್ರವನ್ನು ಇಟ್ಟುಕೊಳ್ಳುವುದನ್ನೇ ಅಪರಾಧವೆಂದಿತು. ಹಾಡು ಕೇಳುವ ರೇಡಿಯೋಗೂ ಅಂಚೆ ಕಛೇರಿಯಲ್ಲಿ ವರ್ಷವರ್ಷ ಹಣ ಕಟ್ಟಿ ಪುಸ್ತಕಕ್ಕೆ ಮುದ್ರೆ ಒತ್ತಿಸಿಕೊಂಡದ್ದು ಹಿರಿಯರಿಗೆ ನೆನಪಿದ್ದೀತು. ಆ ಲೈಸೆನ್ಸು 1980ರ ದಶಕದಲ್ಲಿ ಹೋಯಿತು. 2023ರಲ್ಲಿ ಹೊಸ ದೂರಸಂಪರ್ಕ ಕಾಯಿದೆ ಬಂತು. ಆದರೆ ಪೋಲೀಸರ ಮಾತನ್ನು ಕೇಳುವ ಪೆಟ್ಟಿಗೆ ಅಮೆರಿಕದಲ್ಲಿದ್ದಂತೆ ಇಲ್ಲಿ ಆಟದ ಸಾಮಾನಲ್ಲ. ನಮ್ಮ ಪಯಣಿಗನಿಗೆ ಆಪತ್ತಿನಲ್ಲಿ ಆಧಾರ 112 ಎಂಬ ಮೂರಂಕಿ. ಅದು ನಾವು ಕೂಗುವ ದಾರಿ, ಕೇಳುವ ದಾರಿಯಲ್ಲ.

ಆದ್ದರಿಂದ ಅಮೆರಿಕದವರ ಈ ವಾದ ನಮಗೆ ಹೊರಗಿನದೆಂದು ತೋರಬಹುದು. ಹಾಗೆ ತಳ್ಳಿಬಿಡುವುದು ಸರಿಯಲ್ಲ. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯದ ಪ್ಯಾರಡೈಸ್ ಎಂಬ ಊರು ಕಾಡುಗಿಚ್ಚಿಗೆ ಆಹುತಿಯಾಯಿತು. ಆ ಬೆಂಕಿಯಲ್ಲಿ ಸತ್ತವರು 85 ಮಂದಿ. ಸರ್ಕಾರದ ಅಧಿಕೃತ ಎಚ್ಚರಿಕೆ ಬಹಳ ಮಂದಿಗೆ ತಲುಪಲೇ ಇಲ್ಲ. ಬೆಂಕಿಯ ಸೀಮೆಯಲ್ಲಿ ಬಾಳುವವರು ಮನೆಯ ಮೂಲೆಯಲ್ಲಿ ಸ್ಕ್ಯಾನರನ್ನು ಏಕೆ ಇಟ್ಟುಕೊಳ್ಳುತ್ತಾರೆಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಕರೆ ಬರುವವರೆಗೆ ಕಾಯುವವನಿಗೂ, ಮಾತು ಕೇಳಿ ತಾನೇ ಹೊರಡುವವನಿಗೂ ನಡುವೆ ಇರುವುದು ಕೆಲವೇ ನಿಮಿಷಗಳ ಅಂತರ. ಆ ನಿಮಿಷಗಳ ಬೆಲೆಯನ್ನು ಕಟ್ಟುವವರು ಯಾರು?

ಗಾಯಾಳುವಿನ ಹೆಸರು, ಹೆಂಗಸಿನ ವಿಳಾಸ, ಹೊಂಚುಹಾಕಿ ನಿಂತ ಪೋಲೀಸಿನವನ ಜಾಗ — ಇವುಗಳಿಗೆ ಬೀಗ ಬೇಕು; ಯಾರೂ ಇಲ್ಲವೆನ್ನರು. ಆದರೆ 'ಇಲ್ಲಿ ಬೆಂಕಿ, ಈ ದಾರಿ ಮುಚ್ಚಿದೆ, ಇಲ್ಲಿ ಜನ ಸಿಕ್ಕಿಬಿದ್ದಿದ್ದಾರೆ' ಎಂಬ ಮಾತು ಯಾರ ಸ್ವತ್ತೂ ಅಲ್ಲ. ಅದು ಊರಿನವನಿಗೆ ಎಷ್ಟು ಸೇರಿದ್ದೋ, ಆ ಹೊತ್ತಿಗೆ ಊರಿನ ಮೂಲಕ ಹಾದುಹೋಗುತ್ತಿರುವ ಅಪರಿಚಿತನಿಗೂ ಅಷ್ಟೇ ಸೇರಿದ್ದು. ಕೂಗಿನಲ್ಲಿ ಯಾವುದು ಗುಟ್ಟು, ಯಾವುದು ಹುಯ್ಯಲು ಎಂದು ಬೇರ್ಪಡಿಸುವ ಶ್ರಮವನ್ನು ಪಡದೆ ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತುಂಬಿ ಬೀಗವಿಕ್ಕುವುದು ಅಧಿಕಾರಕ್ಕೆ ಸುಲಭ; ಹಾದಿಯಲ್ಲಿರುವವನಿಗೆ ಅದು ದುಬಾರಿ.